ಬಡಾವಣೆಯ ಅಧಿಕೃತ ಮೂಗು

"ಇನ್ನೂ ಸ್ವಲ್ಪ ಬಗ್ಗಿ ಸಾರ್! ಬೆಲ್ಟು ನನ್ನ ಕೈಲಿದೆ, ಭಯ ಬೇಡ!"

ಲೆನ್ಸಣ್ಣ ಇನ್ನೂ ಸ್ವಲ್ಪ ಬಗ್ಗಿದ. ಹೊಟ್ಟೆ ಕಬ್ಬಿಣದ ಕಂಬಿಯ ಮೇಲೆ, ಕಾಲು ಗಾಳಿಯಲ್ಲಿ, ತಲೆ ತೊಟ್ಟಿಯ ಒಳಗೆ. ಹಿಂದಿನಿಂದ ಅವನ ಬೆಲ್ಟನ್ನು ಎರಡೂ ಕೈಯಿಂದ ಹಿಡಿದಿದ್ದ ಪುರಸಭೆಯ ಇಂಜಿನಿಯರ್, ಬಾವಿಯಿಂದ ತುಂಬಿದ ಕೊಡ ಎಳೆಯುವವರಂತೆ ಕಾಲು ಅಗಲಿಸಿ ನಿಂತಿದ್ದರು. ಬಡಾವಣೆಯಿಂದ ಬಸ್ಸು ಮಾಡಿಕೊಂಡು ಬಂದಿದ್ದ ಜನ ತೊಟ್ಟಿಯ ಸುತ್ತ ನಿಂತು ಕಾಯುತ್ತಿದ್ದರು.

"ಮೂಸಿದ್ರಾ?"

"ಮೂಸ್ತಾ ಇದೀನಿ."

"ಏನನ್ಸುತ್ತೆ ಸಾರ್?"

ಲೆನ್ಸಣ್ಣನಿಗೆ ಏನೂ ಅನಿಸಲಿಲ್ಲ. ಅನಿಸುವುದು ಸಾಧ್ಯವೂ ಇರಲಿಲ್ಲ. ಚಿಕ್ಕಂದಿನಲ್ಲಿ ಬಂದ ಜ್ವರವೊಂದು ಬಿಟ್ಟುಹೋಗುವಾಗ ಅವನ ಮೂಗಿನೊಳಗಿದ್ದ ಸಾಮಾನನ್ನೆಲ್ಲ ಗಂಟು ಕಟ್ಟಿಕೊಂಡು ಹೋಗಿತ್ತು. ಅಂದಿನಿಂದ ಅದು ಕನ್ನಡಕ ಕೂರಿಸುವುದಕ್ಕೆ ಮುಖದ ಮೇಲಿರುವ ಒಂದು ಅನುಕೂಲ, ಅಷ್ಟೆ. ಈ ಸಂಗತಿ ಭೂಮಿಯ ಮೇಲೆ ಅವನೊಬ್ಬನಿಗೇ ಗೊತ್ತಿತ್ತು.

ಹಾಗಾಗಿ ಅವನು ಇಂಥ ಹೊತ್ತಿನಲ್ಲೆಲ್ಲ ಮಾಡುತ್ತ ಬಂದದ್ದನ್ನೇ ಮಾಡಿದ. ಮೆಲ್ಲಗೆ ಕತ್ತು ಹೊರಳಿಸಿ ಸುತ್ತ ನಿಂತವರ ಮುಖ ನೋಡಿದ. ಒಂದೊಂದು ಮುಖವೂ ಹಿಂಡಿ ಹಾಕಿದ ಬಟ್ಟೆಯಂತಿತ್ತು. ಪಕ್ಕದ ಮನೆಯ ಟೈಲರಮ್ಮ ಕಣ್ಣು ಬಿಗಿದು ಹಲ್ಲು ಕಚ್ಚಿದ್ದರು. ಹೆಂಡತಿಯ ಅಣ್ಣ, ಅಂದರೆ ಭಾವ, ಹಾಗಲಕಾಯಿ ಅಗಿದವರಂತೆ ತುಟಿ ಸೊಟ್ಟ ಮಾಡಿಕೊಂಡಿದ್ದರು. ಇಷ್ಟು ಸಾಕ್ಷಿ ಸಾಕಿತ್ತು.

"ಹತ್ತಕ್ಕೆ ಎರಡು!" ಎಂದು ತೊಟ್ಟಿಯೊಳಗಿಂದ ಘೋಷಿಸಿದ.

ಕೊಳಚೆ ನೀರು ಶುದ್ಧಮಾಡುವ ಆ ಘಟಕದ ಮೇಲ್ವಿಚಾರಕ ಎದೆ ಮೇಲೆ ಕೈ ಇಟ್ಟುಕೊಂಡ. "ಎರಡಾ? ಸ್ವಾಮಿ, ಇದು ಶುದ್ಧ ಆಗಿ ಹೊರಗೆ ಬಂದಿರೋ ನೀರು! ಕೊಳಚೆ ತೊಟ್ಟಿ ಆ ಕಡೆ ಇದೆ!"

ನಡೆದದ್ದಿಷ್ಟು. ಆ ಘಟಕದಲ್ಲಿ ನೀರಿಗೆ ಗಾಳಿ ಊದುವ ಯಂತ್ರಗಳಿದ್ದವು. ವಿಮಾನವೊಂದು ಕೋಣೆಯೊಳಗೆ ಇಳಿಯಲು ಜಾಗ ಹುಡುಕುತ್ತಿದ್ದರೆ ಹೇಗಿರುತ್ತದೋ ಹಾಗಿತ್ತು ಅವುಗಳ ಸದ್ದು. ಜನ ಮುಖ ಕಿವುಚಿದ್ದು ಕಿವಿಯ ನೋವಿಗೆ. ಮೂಗಿಗೂ ಅದಕ್ಕೂ ಸಂಬಂಧವಿರಲಿಲ್ಲ. ಆದರೆ ಅಧಿಕೃತ ಮೂಗು ಒಮ್ಮೆ ಕೊಟ್ಟ ಅಂಕವನ್ನು ಹಿಂದೆ ತೆಗೆದುಕೊಂಡರೆ ಅದರ ಮರ್ಯಾದೆ ಏನಾದೀತು? ಮೇಲಕ್ಕೆ ಬಂದು, ಅಂಗಿ ಸರಿಮಾಡಿಕೊಂಡು, ಲೆನ್ಸಣ್ಣ ಗಂಭೀರನಾಗಿ ಹೇಳಿದ.

"ಅದೇ ನನ್ನ ಅನುಮಾನ. ಕೊಳಚೆ ನೀರು ಅಂದ ಮೇಲೆ ಅದಕ್ಕೊಂದು ಪ್ರಾಮಾಣಿಕತೆ ಬೇಡ್ವಾ? ಇದು ಬಚ್ಚಿಟ್ಟ ವಾಸನೆ. ಇವತ್ತು ಸುಮ್ಮನಿದೆ. ನಾಳೆ?"

ಬ್ಯಾಂಕಿನ ಮೇಡಂ ರೋಮಾಂಚನಗೊಂಡರು. "ಬಚ್ಚಿಟ್ಟ ವಾಸನೆ! ಇಷ್ಟು ವರ್ಷದಲ್ಲಿ ಈ ಮಾತನ್ನ ಯಾರೂ ಹೇಳಿರಲಿಲ್ಲ" ಎಂದು ಬರೆದುಕೊಂಡರು.

ಮೇಡಂ ಬಂದಿದ್ದು ಸಾಲ ಕೊಡುವುದಕ್ಕೆ. ಬಡಾವಣೆಯ ಮಧ್ಯೆ ತೆರೆದ ಮೋರಿಯೊಂದು ಹರಿಯುತ್ತಿತ್ತು. ಹರಿಯುತ್ತಿತ್ತು ಎಂದರೆ ಹೊಗಳಿದಂತಾಗುತ್ತದೆ, ಮಲಗಿತ್ತು. ಅದರ ನೀರನ್ನು ಶುದ್ಧಮಾಡಲು ಏನಾದರೂ ಕಟ್ಟಬೇಕು, ಏನು ಕಟ್ಟಿದರೆ ಹಾಕಿದ ಹಣ ಮಣ್ಣುಪಾಲಾಗದೆ ಬಾಳಿಕೆ ಬರುತ್ತದೆ ಎಂಬುದನ್ನು ತೂಗಿ ನೋಡುವುದು ಅವರ ಕೆಲಸ. ಖರ್ಚು, ಕರೆಂಟು, ಜಾಗ, ಬಾಳಿಕೆ ಎಂದು ಒಂದೊಂದಕ್ಕೂ ಅವರ ಪಟ್ಟಿಯಲ್ಲಿ ಅಂಕವಿತ್ತು. ಆದರೆ ಹಿಂದೊಮ್ಮೆ ಬೇರೆಲ್ಲೋ ಅವರ ಬ್ಯಾಂಕು ಕಟ್ಟಿಸಿದ ಘಟಕಕ್ಕೆ ಅಲ್ಲಿನ ಜನ ವಾಸನೆ ತಾಳಲಾರದೆ ಬೀಗ ಜಡಿದಿದ್ದರಂತೆ. ಅಂದಿನಿಂದ ಅರ್ಧಕ್ಕರ್ಧ ಅಂಕ 'ಜನರ ಒಪ್ಪಿಗೆ'ಗೆ ಮೀಸಲು. ಜನರ ಒಪ್ಪಿಗೆ ಎಂದರೆ ವಾಸನೆ. ಎಲ್ಲರನ್ನೂ ಕೇಳಿದರೆ ಜಗಳವಾಗುತ್ತದೆಂದು, ಎಲ್ಲರೂ ನಂಬುವ ಒಂದೇ ಒಂದು ಮೂಗನ್ನು ಬಡಾವಣೆಯೇ ಆರಿಸಿ ಕೊಡಬೇಕೆಂದು ನಿಯಮ ಮಾಡಿದ್ದರು. ಬ್ಯಾಂಕಿನವರು ಮಾತ್ರ ಮೂಸುವಂತಿಲ್ಲ. ಅದು ಪಕ್ಷಪಾತವಾದೀತು. ಹಾಗಾಗಿ ಮೇಡಂ ಎಲ್ಲಿ ಹೋದರೂ ಮುಲಾಮು ಸವರಿದ ದಪ್ಪ ಮಾಸ್ಕು ಕಟ್ಟಿಕೊಂಡೇ ಇರುತ್ತಿದ್ದರು.

ಆ ಮೂಗನ್ನು ಆರಿಸುವ ಸಭೆಯಲ್ಲಿ ಲೆನ್ಸಣ್ಣ ಹಿಂದಿನ ಕುರ್ಚಿಯಲ್ಲಿ ಕೂತು ತೂಕಡಿಸುತ್ತಿದ್ದ. ಎದ್ದು ನಿಂತವಳು ಅವನ ಹೆಂಡತಿ.

"ನಮ್ಮನೆಯವರ ಮೂಗಿನಂಥ ಮೂಗು ಊರಲ್ಲೇ ಇಲ್ಲ. ಸಂಜೆ ಅಂಗಡಿಯಿಂದ ಬರ್ತಾ ಗೇಟಲ್ಲೇ ನಿಂತು ಹೇಳ್ತಾರೆ, ಇವತ್ತು ಬೀನ್ಸು, ಇವತ್ತು ಕ್ಯಾರೆಟ್ಟು ಅಂತ. ಒಂದು ದಿನಾನೂ ತಪ್ಪಿಲ್ಲ."

ತಪ್ಪುವುದು ಹೇಗೆ? ಗೇಟಿನ ಪಕ್ಕದಲ್ಲೇ ಅವಳು ಸಿಪ್ಪೆ ಸುರಿಯುವ ಬಕೆಟ್ಟಿತ್ತು. ಲೆನ್ಸಣ್ಣನದು ಕನ್ನಡಕದ ಅಂಗಡಿ. ನೋಟ ಅವನ ಕಸುಬು. ಮದುವೆಯಾದ ಹೊಸತರಲ್ಲಿ ಅವಳನ್ನು ಖುಷಿಪಡಿಸಲು ಒಂದು ದಿನ ಬಕೆಟ್ಟು ನೋಡಿ, "ಆಹಾ, ಈರುಳ್ಳಿ ಘಮಘಮ ಅಂತಿದೆ!" ಎಂದಿದ್ದ. ಅವಳ ಮುಖ ಅರಳಿದ ರೀತಿ ಕಂಡು ಮರುದಿನವೂ ಹೇಳಿದ. ಹಾಗೆ ಹೇಳುತ್ತ ಹೇಳುತ್ತ ತಲೆಗೂದಲು ಬೆಳ್ಳಗಾಗಿತ್ತು. ಸಭೆಯಲ್ಲಿ ಎದ್ದು 'ನಾನು ಮೂಸಲಾರೆ' ಎಂದರೆ ಅಷ್ಟೂ ವರ್ಷದ ಘಮಘಮವನ್ನು ಲೆಕ್ಕಕ್ಕೆ ಹಿಡಿಯಬೇಕಾಗುತ್ತಿತ್ತು. ಆದ್ದರಿಂದ ಎದ್ದು ಕೈ ಮುಗಿದು ಚಪ್ಪಾಳೆ ಸ್ವೀಕರಿಸಿದ.

ಇನ್ನೊಂದು ಕಾರಣವೂ ಇತ್ತು, ಅದೇ ದೊಡ್ಡದು. ಅವರ ಅಡುಗೆಮನೆಯ ಕಿಟಕಿ ನೇರವಾಗಿ ಮೋರಿಯ ಕಡೆಗಿತ್ತು. ಕಿಟಕಿ ತೆರೆದರೆ ಮೋರಿ ಒಳಗೆ ಬಂದು ಒಲೆಯ ಪಕ್ಕ ಕೂರುತ್ತದೆ, ಮುಚ್ಚಿದರೆ ಸೆಕೆಗೆ ತಲೆ ತಿರುಗುತ್ತದೆ ಎಂದು ಹೆಂಡತಿ ಗೋಳಾಡುತ್ತಿದ್ದಳು. ಈ ವರ್ಷ ಅವಳು ತೀರ್ಪು ಕೊಟ್ಟಿದ್ದಳು: "ಏನಾದ್ರೂ ಒಂದು ಕಟ್ಟಿಸ್ಲಿ, ಸರಿ. ಇಲ್ದಿದ್ರೆ ಮನೆ ಮಾರಿ ಅಣ್ಣನ ಮನೆ ಮಹಡಿಗೆ ಹೋಗೋಣ. ನನ್ನ ಕೈಲಾಗಲ್ಲ."

ಅಣ್ಣನ ಮನೆ ಮಹಡಿ! ಭಾವನ ಮನೆಯಲ್ಲಿ ಚಪ್ಪಲಿಗಳು ಅಳತೆಯ ಪ್ರಕಾರ ಸಾಲಾಗಿ ನಿಲ್ಲಬೇಕು. ನಲ್ಲಿ ಮುಚ್ಚಿದ ಮೇಲೆ ಮುಚ್ಚಿದೆ ಎಂದು ಗಟ್ಟಿಯಾಗಿ ಹೇಳಬೇಕು. ಸೀನು ಬಂದರೆ ಬಾಲ್ಕನಿಗೆ ಹೋಗಬೇಕು. ಭಾವ ಮೈದುನರಿಬ್ಬರೂ ಒಬ್ಬರನ್ನೊಬ್ಬರು 'ಭಾವ' ಎಂದೇ ಕರೆಯುತ್ತಿದ್ದರು. ಲೆನ್ಸಣ್ಣನ ಬಾಯಲ್ಲಿ ಅದು ಗೌರವ, ಅವರ ಬಾಯಲ್ಲಿ ಕೋರ್ಟಿನ ನೋಟೀಸು.

ಆದ್ದರಿಂದ ಏನಾದರೂ ಸರಿ, ಒಂದು ಘಟಕ ಬರಲೇಬೇಕಿತ್ತು. ಹಾಗೆ ಬರಲೇಬೇಕಾದ ಮೊದಲ ಘಟಕಕ್ಕೆ ಅವನೀಗ ಹತ್ತಕ್ಕೆ ಎರಡು ಕೊಟ್ಟಿದ್ದ.

"ಭಾವ," ಎಂದರು ಭಾವ ಬಸ್ಸು ಹತ್ತುತ್ತ, "ನಿಮ್ಮ ಮೂಗು ಸರ್ಕಾರಿ ಮೂಗು ಆದ ಮೇಲೆ ಭಾಳ ಬಿಗಿ ಆಗಿದೆ. ಮಹಡಿ ಗುಡಿಸಿಟ್ಟಿದೀನಿ, ನೆನಪಿರ್ಲಿ."

"ಇನ್ನೂ ಒಂದು ಇದೆಯಲ್ಲ ಭಾವ" ಎಂದ ಲೆನ್ಸಣ್ಣ, ಬೆವರು ಒರೆಸಿಕೊಳ್ಳುತ್ತ.

ಎರಡನೆಯದು ಜೊಂಡಿನ ಕೊಳ. ಅಲ್ಲಿ ಯಂತ್ರವಿಲ್ಲ, ಸದ್ದಿಲ್ಲ. ಕೊಳಚೆ ನೀರು ಆಳೆತ್ತರದ ಜೊಂಡಿನ ಬೇರುಗಳ ನಡುವೆ ನಿಧಾನವಾಗಿ ಜಿನುಗಿ, ಆ ತುದಿಗೆ ಹೋಗುವಷ್ಟರಲ್ಲಿ ತಿಳಿಯಾಗುತ್ತದೆ. ಕೊಕ್ಕರೆಗಳು ಗಿರಾಕಿಗಳಂತೆ ಅಡ್ಡಾಡುತ್ತಿದ್ದವು. ಮಧ್ಯಾಹ್ನದ ಬಿಸಿಲು ನೀರಿಗೆ ಬಿದ್ದು ನೇರ ಕಣ್ಣಿಗೆ ರಾಚುತ್ತಿತ್ತು.

ಲೆನ್ಸಣ್ಣ ಏರಿಯ ಮೇಲೆ ನಿಂತು ದೀರ್ಘವಾಗಿ ಉಸಿರೆಳೆದು ಮುಖಗಳ ಕಡೆ ತಿರುಗಿದ. ಮತ್ತೆ ಅದೇ ಕಥೆ! ಎಲ್ಲರೂ ಕಣ್ಣು ಕಿರಿದು ಮಾಡಿ, ಹಣೆ ಗಂಟಿಕ್ಕಿ, ಅರ್ಧ ಮುಖವನ್ನು ಕೈಯಿಂದ ಮರೆಮಾಡಿಕೊಂಡಿದ್ದರು. ಈ ಸಲ ಅವನು ಎಚ್ಚರಿಕೆಯಿಂದಿದ್ದ. ಒಮ್ಮೆ ಸುಟ್ಟುಕೊಂಡಾಗಿದೆ, ಇನ್ನು ಕೇಳಿಯೇ ತಿಳಿಯಬೇಕು. ಆದರೆ 'ವಾಸನೆ ಬರ್ತಿದೆಯಾ' ಎಂದು ಮೂಗೇ ಜನರನ್ನು ಕೇಳುವುದುಂಟೆ? ಆಗ ಅವನಿಗೆ ತನ್ನ ಅಂಗಡಿಯ ವಿದ್ಯೆ ನೆನಪಾಯಿತು. ಕಣ್ಣು ಪರೀಕ್ಷೆಗೆ ಕೂರಿಸಿ ಒಂದು ಗಾಜು ಹಾಕಿ, ತೆಗೆದು, ಇನ್ನೊಂದು ಹಾಕಿ ಕೇಳುವ ಪ್ರಶ್ನೆ ಅವನಿಗೆ ನಿದ್ದೆಯಲ್ಲೂ ಬರುತ್ತಿತ್ತು.

ಟೈಲರಮ್ಮನ ಭುಜ ಹಿಡಿದು ಕೊಳದ ಕಡೆ ತಿರುಗಿಸಿದ. "ಹೀಗೆ ಚೆನ್ನಾಗಿದೆಯಾ?" ಬಸ್ಸಿನ ಕಡೆ ತಿರುಗಿಸಿದ. "ಹೀಗೆ ಚೆನ್ನಾಗಿದೆಯಾ?"

"ಏನು ಹೀಗೆ?"

"ಇದಾ, ಅದಾ? ಅವಸರ ಬೇಡ. ಇನ್ನೊಂದ್ಸಲ. ಮೊದಲನೇದಾ... ಎರಡನೇದಾ?"

ಟೈಲರಮ್ಮನಿಗೆ ಕೊಳದ ಕಡೆ ತಿರುಗಿದಾಗಲೆಲ್ಲ ಕಣ್ಣು ಕುಕ್ಕುತ್ತಿತ್ತು. "ಎರಡನೇದೇ ಚೆನ್ನಾಗಿದೆ. ಬಸ್ಸಿನ ಕಡೆ."

ಇಂಜಿನಿಯರನ್ನು ತಿರುಗಿಸಿದ. "ಎರಡನೇದು ಸಾರ್." ಭಾವನನ್ನು ತಿರುಗಿಸಿದ. "ಮುಟ್ಟಬೇಡಿ. ಎರಡನೇದು." ಹೆಂಡತಿಯೂ ಎರಡನೆಯದೆಂದಳು. ಹೊಗೆ ಉಗುಳುತ್ತ ನಿಂತಿದ್ದ ಬಸ್ಸಿಗೆ ಬಹುಮತ ಬಂತು.

"ಕೊಳಕ್ಕೆ ಹತ್ತಕ್ಕೆ ಮೂರು" ಎಂದ ಲೆನ್ಸಣ್ಣ.

"ಜನರ ಪಾಲ್ಗೊಳ್ಳುವಿಕೆ!" ಎಂದರು ಮೇಡಂ, ಮಾಸ್ಕಿನೊಳಗಿಂದ. "ಒಬ್ಬರ ಮೂಗಿನ ಮೂಲಕ ಎಲ್ಲರ ಅಭಿಪ್ರಾಯ! ಈ ವಿಧಾನ ನಿಮಗೆ ಎಲ್ಲಿ ಸಿಕ್ತು?"

"ಅಂಗಡಿಲಿ" ಎಂದ ಲೆನ್ಸಣ್ಣ.

ವಾಪಸು ಬರುವಾಗ ಬಸ್ಸಿನಲ್ಲಿ ಯಾರೂ ಅವನ ಪಕ್ಕ ಕೂರಲಿಲ್ಲ. ಇದ್ದ ಎರಡು ಆಯ್ಕೆಯೂ ಮಣ್ಣು ಮುಕ್ಕಿತ್ತು. ಹೆಂಡತಿ ಕಿಟಕಿಯಾಚೆ ನೋಡುತ್ತ, ಮಹಡಿಗೆ ಯಾವ ಮಂಚ ಹಿಡಿಸೀತೆಂದು ಅಣ್ಣನೊಡನೆ ಮೆಲ್ಲಗೆ ಮಾತಾಡುತ್ತಿದ್ದಳು. ಆಗ ಮೇಡಂ ಮುಂದಿನ ಸೀಟಿನಿಂದ ಹೇಳಿದರು.

"ನಾಳೆ ಮೂರನೇದು ನೋಡೋಣ."

"ಮೂರನೇದು ಎಲ್ಲಿದೆ?" ಇಂಜಿನಿಯರ್ ಬೆಚ್ಚಿದರು. "ನಾನು ಎರಡೇ ಕಳಿಸಿದ್ದು."

"ಏನೂ ಮಾಡದೇ ಇರೋದು. ಅದೂ ಒಂದು ಆಯ್ಕೆ. ಹೋಲಿಕೆಗೆ ಅಂತ ಪ್ರತಿ ಯೋಜನೆಯಲ್ಲೂ ಇಟ್ಟಿರ್ತೀವಿ. ನಿಮ್ಮ ಮೋರಿಗೂ ಅಂಕ ಕೊಡಬೇಕು."

ಬಸ್ಸೆಲ್ಲ ನಕ್ಕಿತು. ಲೆನ್ಸಣ್ಣನೂ ನಕ್ಕ. ಮೋರಿಗೆ ಸೊನ್ನೆ ಬೀಳುತ್ತದೆ, ಆಗ ಜೊಂಡಿನ ಕೊಳ ಮೂರು ಅಂಕದಲ್ಲೇ ಗೆದ್ದುಬಿಡುತ್ತದೆ! ಹೆಂಡತಿಯೂ ಮಂಚದ ಮಾತು ಅಲ್ಲಿಗೇ ಬಿಟ್ಟಳು. "ರೀ, ನಾಳೆ ಒಂದನ್ನಾದ್ರೂ ಸರಿಯಾಗಿ ಮಾಡಿ. ಸೊನ್ನೆ ಕೊಡಿ. ಅದಕ್ಕಿಂತ ಕಡಿಮೆ ಇದ್ರೆ ಅದನ್ನ ಕೊಡಿ."

ಮೋರಿಗೆ ಸೊನ್ನೆ ಕೊಡುವುದಕ್ಕೆ ಮೂಗು ಬೇಕಿರಲಿಲ್ಲ. ಕಣ್ಣೂ ಬೇಕಿರಲಿಲ್ಲ. ಸುಮ್ಮನೆ 'ಸೊನ್ನೆ' ಎಂದು ಬಾಯಿಬಿಟ್ಟು ಹೇಳಿದರೆ ಸಾಕಿತ್ತು. ಆದರೆ ಒಂದು ಕೆಲಸವನ್ನು ಸದಾ ಒಂದೇ ಕ್ರಮದಲ್ಲಿ ಮಾಡಿಕೊಂಡು ಬಂದವನಿಗೆ ಆ ಕ್ರಮ ತಪ್ಪಿಸುವ ಧೈರ್ಯ ಬರುವುದಿಲ್ಲ. ಮೊದಲು ಬಗ್ಗು, ಆಮೇಲೆ ಮುಖ ನೋಡು, ಆಮೇಲೆ ಹೇಳು.

ಮರುದಿನ ಬೆಳಿಗ್ಗೆ ಬಡಾವಣೆಯವರೆಲ್ಲ ಮೋರಿಯ ದಂಡೆಯಲ್ಲಿ ಸೇರಿದರು. ಬ್ಯಾಂಕಿನವರು ತಮ್ಮ ಬೀದಿಗೇ ಬರುತ್ತಾರೆಂದು ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡಿದ್ದರು. ಲೆನ್ಸಣ್ಣ ಮಂಡಿಯೂರಿ, ಕೈ ನೆಲಕ್ಕೂರಿ, ಮೋರಿಯ ಮೇಲೆ ಮುಖ ಇಟ್ಟ. ಮೇಡಂ ಹಿಂದೆ ನಿಂತು ದಾಖಲೆಗಾಗಿ ಫೋನು ಎತ್ತಿದರು.

"ಎಲ್ಲರೂ ಹತ್ತಿರ ಬನ್ನಿ. ಫೋಟೋ ಹೆಡ್ ಆಫೀಸಿಗೆ ಹೋಗುತ್ತೆ. ಸ್ವಲ್ಪ ನಗಿ, ನಗಿ!"

ಅದೇ ಕ್ಷಣದಲ್ಲಿ ಲೆನ್ಸಣ್ಣ ಕತ್ತು ಹೊರಳಿಸಿದ.

ಅಷ್ಟು ಸುಖವಾದ ಮುಖಗಳನ್ನು ಅವನು ಒಟ್ಟಿಗೆ ಕಂಡೇ ಇರಲಿಲ್ಲ. ಟೈಲರಮ್ಮನ ಹಲ್ಲೆಲ್ಲ ಹೊರಗಿದ್ದವು. ಇಂಜಿನಿಯರ್ ಮದುವೆ ಆಲ್ಬಮ್ಮಿನ ನಗೆ ನಗುತ್ತಿದ್ದರು. ಭಾವ ನಕ್ಕಿದ್ದನ್ನಂತೂ ಅವನು ಮೊದಲ ಸಲ ನೋಡುತ್ತಿದ್ದ. ಎಲ್ಲಕ್ಕಿಂತ ಹೆಚ್ಚಾಗಿ ಹೆಂಡತಿ. ಅವಳ ಮುಖ ಬಹಳ ವರ್ಷಗಳ ಹಿಂದೆ ಈರುಳ್ಳಿಗೆ ಅರಳಿದಂತೆಯೇ ಅರಳಿತ್ತು. ಲೆನ್ಸಣ್ಣನ ಹೃದಯ ತುಂಬಿಬಂತು. ನಾಲಿಗೆ ತಾನಾಗಿಯೇ ಆಡಿತು.

"ಹತ್ತಕ್ಕೆ ಒಂಬತ್ತು!"

ನಗೆ ಒಂದೊಂದಾಗಿ ಆರಿತು.

"ಏನು?" ಎಂದಳು ಹೆಂಡತಿ.

"ಒಂಬತ್ತು" ಎಂದು ಬರೆದುಕೊಂಡರು ಮೇಡಂ.

ಪುರಸಭೆಯ ಸಭಾಂಗಣದಲ್ಲಿ ಫಲಿತಾಂಶ ಓದಿದರು. ಏನೂ ಮಾಡದಿರುವುದಕ್ಕೆ ಖರ್ಚಿಲ್ಲ: ಪೂರ್ತಿ ಅಂಕ. ಕರೆಂಟು ಬೇಡ: ಪೂರ್ತಿ ಅಂಕ. ಹೊಸ ಜಾಗ ಬೇಡ: ಪೂರ್ತಿ ಅಂಕ. ಬಾಳಿಕೆ? ಈ ಮೋರಿ ಅಜ್ಜಂದಿರ ಕಾಲದಿಂದಲೂ ಇದೆ, ಒಂದು ದಿನವೂ ಕೆಟ್ಟು ನಿಂತಿಲ್ಲ, ಯಾಕೆಂದರೆ ಎಂದೂ ಓಡಿಲ್ಲ: ಪೂರ್ತಿ ಅಂಕ. ಜನರ ಒಪ್ಪಿಗೆ, ಹತ್ತಕ್ಕೆ ಒಂಬತ್ತು. ಬ್ಯಾಂಕಿನ ಚರಿತ್ರೆಯಲ್ಲೇ ಇಷ್ಟು ಅಂಕ ಪಡೆದ ಯೋಜನೆ ಇರಲಿಲ್ಲ. ಹೆಡ್ ಆಫೀಸಿನವರು ಫೋನಿನಲ್ಲೇ ಚಪ್ಪಾಳೆ ತಟ್ಟಿದರಂತೆ.

"ಅಂದ್ರೆ ಸಾಲ ಇಲ್ಲ ಅಂತ ಆಯ್ತು" ಎಂದು ಇಂಜಿನಿಯರ್ ಕುಸಿದು ಕೂತರು.

"ಯಾಕಿಲ್ಲ? ಪೂರ್ತಿ ಸಾಲ ಮಂಜೂರಾಗಿದೆ."

"ಏನೂ ಮಾಡದೇ ಇರೋಕೆ ಸಾಲ ಯಾಕೆ ಮೇಡಂ?"

"ಏನೂ ಮಾಡದೇ ಇರೋದು ಸುಲಭ ಅನ್ಕೊಂಡ್ರಾ?" ಮೇಡಂ ಕನಿಕರದಿಂದ ನೋಡಿದರು. "ಯಾರಾದ್ರೂ ಬಂದು ಏನಾದ್ರೂ ಮಾಡಿಬಿಟ್ರೆ? ಅದಕ್ಕೆ ಕಾವಲು ಬೇಕು. ಕಚೇರಿ ಬೇಕು. ಏನೂ ಆಗಿಲ್ಲ ಅಂತ ಆಗಾಗ ವರದಿ ಬರೀಬೇಕು. ಒಬ್ಬ ನಿರ್ದೇಶಕರು ಬೇಕು. ಅವರಿಗೊಂದು ಕಾರು..."

"ಎಂಥ ಕಾರು?" ಎಂದು ಕೇಳಿದರು ಇಂಜಿನಿಯರ್. ಆಮೇಲೆ ಅವರಿಂದ ಯಾವ ಆಕ್ಷೇಪವೂ ಬರಲಿಲ್ಲ.

ಮೋರಿಯ ದಂಡೆಯಲ್ಲಿ ಹೊಳೆಯುವ ಫಲಕವೊಂದು ಎದ್ದು ನಿಂತಿತು: 'ಇಲ್ಲಿ ಏನನ್ನೂ ಮಾಡಲಾಗುತ್ತಿಲ್ಲ. ದಯವಿಟ್ಟು ಸಹಕರಿಸಿ.' ಸಮವಸ್ತ್ರದ ಕಾವಲುಗಾರ ಬಂದ. ಟೈಲರಮ್ಮ ಎಂದಿನಂತೆ ಮನೆ ಮುಂದೆ ಫಿನಾಯಿಲು ಸುರಿಯಲು ಹೋದಾಗ ಸೀಟಿ ಊದಿದ.

"ಏನಮ್ಮಾ, ಏನೋ ಮಾಡ್ತಾ ಇದೀರಲ್ಲ?"

"ಫಿನಾಯಿಲ್ ಹಾಕ್ತಾ ಇದೀನಿ ಕಣಪ್ಪ."

"ಹಾಗೆಲ್ಲ ಏನಾದ್ರೂ ಮಾಡಂಗಿಲ್ಲ. ಯೋಜನೆ ಕೆಡುತ್ತೆ."

ಬೇರೆ ಬೇರೆ ಊರುಗಳಿಂದ ಅಧ್ಯಯನ ತಂಡಗಳು ಬರತೊಡಗಿದವು. ಎಲ್ಲರೂ ಬ್ಯಾಂಕು ಹಂಚಿದ ಮುಲಾಮಿನ ಮಾಸ್ಕು ಕಟ್ಟಿಕೊಂಡು, ಮೋರಿಯ ಮುಂದೆ ಸಾಲಾಗಿ ನಿಂತು, ಇಂಜಿನಿಯರ್ ಕೋಲಿನಿಂದ ತೋರಿಸಿದ ಕಡೆ ತಲೆಯಾಡಿಸಿ ಹೋಗುತ್ತಿದ್ದರು. ಟೈಲರಮ್ಮ ಎರಡು ದಿನ ಲೆನ್ಸಣ್ಣನಿಗೆ ಶಾಪ ಹಾಕಿದರು. ಮೂರನೆಯ ದಿನ ಆ ತಂಡಗಳಿಗೆ ಮೋರಿಯ ಚಿತ್ರ ಹೊಲಿದ ಕರ್ಚೀಫು ಮಾರಲು ಶುರುಮಾಡಿದರು. ಇನ್ನು ಕೆಲವರಿಗೆ ಬ್ಯಾಂಕಿನ ವರದಿ ಓದಿದ ಮೇಲೆ ತಮ್ಮ ಮೂಗಿನ ಮೇಲೇ ಅನುಮಾನ ಬಂತು. "ಸರಿಯಾಗಿ ಗಮನಿಸಿದ್ರೆ ಒಂಥರಾ ಚೆನ್ನಾಗೇ ಇದೆ ಅಲ್ವಾ? ನಮಗೇ ರುಚಿ ಇಲ್ಲ" ಎಂದು ಮಾತಾಡಿಕೊಂಡರು.

ಲೆನ್ಸಣ್ಣನ ಹೆಂಡತಿಗೆ ಮಾತ್ರ ರುಚಿ ಬದಲಾಗಲಿಲ್ಲ. ಆ ಫೋಟೋದ ದಿನದಿಂದ ಅವಳು ಗಂಡನನ್ನು ಹೊಸ ದೃಷ್ಟಿಯಿಂದ ನೋಡುತ್ತಿದ್ದಳು. ಒಂದು ಸಂಜೆ ಸಿಪ್ಪೆ ಬಕೆಟ್ಟನ್ನು ಹಿತ್ತಿಲಿಗೆ ಸಾಗಿಸಿದಳು. ಹಾಲಿನ ಪಾತ್ರೆ ಒಲೆಯ ಮೇಲಿಟ್ಟು, ಉರಿ ಹೆಚ್ಚಿಸಿ, ಅಡುಗೆಮನೆಯ ಬಾಗಿಲು ಒರಗಿಸಿ, ಹಜಾರದಲ್ಲಿ ಅವನ ಎದುರು ಬಂದು ಕೂತಳು. ಲೆನ್ಸಣ್ಣ ಪೇಪರ್ ಓದುತ್ತಿದ್ದ.

"ರೀ, ಏನಡುಗೆ ಹೇಳಿ ನೋಡೋಣ?"

ಅವನು ಗೇಟಿನ ಕಡೆ ಕಣ್ಣು ಹಾಯಿಸಿದ. ಬಕೆಟ್ಟಿಲ್ಲ. ಅವಳ ಮುಖ ನೋಡಿದ. ಮುಖ ಗೋಡೆಯಂತಿತ್ತು.

"ಘಮಘಮ ಅಂತಿದೆ" ಎಂದ, ಸುರಕ್ಷಿತವಾಗಿ.

ಆಗ ಹೊರಗೆ ದಬದಬ ಬಾಗಿಲು ಬಡಿಯುವ ಸದ್ದಾಯಿತು. "ಅಕ್ಕಾ! ನಿಮ್ಮನೇಲಿ ಏನೋ ಸುಟ್ಟು ಕರಕಲಾಗ್ತಿದೆ! ಬೀದಿಗೆಲ್ಲಾ ಕಮಟು ಬಡೀತಿದೆ!" ಟೈಲರಮ್ಮ ನೀರಿನ ಕೊಡ ಹಿಡಿದು ಒಳಗೆ ನುಗ್ಗಿದರು. ಹಿಂದೆಯೇ ಕಾವಲುಗಾರ ಮರಳಿನ ಬಕೆಟ್ಟು ತಂದ. ಹೆಂಡತಿ ಕದಲಲಿಲ್ಲ.

"ಇಷ್ಟು ವರ್ಷ ನಾನು ಯಾರಿಗೆ ಅಡುಗೆ ಮಾಡಿದೆ? ನಿಮಗೋ, ಬಕೆಟ್ಟಿಗೋ?"

"ನಿಂಗೆ ಖುಷಿ ಆಗ್ಲಿ ಅಂತ..."

"ಆಯ್ತಲ್ಲ ಖುಷಿ! ಒಂಬತ್ತು ಅಂಕದ ಖುಷಿ! ಭಾನುವಾರ ಅಣ್ಣ ಲಾರಿ ತರ್ತಾನೆ. ನಿಮ್ಮ ಮೂಗನ್ನ ಪೆಟ್ಟಿಗೇಲಿ ಹಾಕೋಬೇಡಿ, ಜಾಗ ದಂಡ."

ಮರುದಿನವೇ ಲೆನ್ಸಣ್ಣ ಅಂಗಡಿಗೆ ಬಾಗಿಲು ಹಾಕಿ, 'ಏನೂ ಮಾಡದಿರುವ ಕಚೇರಿ'ಗೆ ಹೋಗಿ ಮೇಡಂ ಎದುರು ಕೂತ.

"ಮೇಡಂ, ನನಗೆ ವಾಸನೆ ಗೊತ್ತಾಗಲ್ಲ. ಚಿಕ್ಕಂದಿನಿಂದ ಗೊತ್ತಾಗಲ್ಲ. ನನ್ನ ಮೂಗು ಸತ್ತುಹೋಗಿದೆ."

ಮೇಡಂ ಮೆಚ್ಚುಗೆಯಿಂದ ತಲೆಯಾಡಿಸಿದರು. "ದೊಡ್ಡವರೆಲ್ಲ ಹೀಗೇ ಹೇಳೋದು. ನಮಗೇನೂ ಗೊತ್ತಿಲ್ಲ ಅಂತ."

"ವಿನಯ ಅಲ್ಲ ಮೇಡಂ, ನಿಜ! ಆ ಒಂಬತ್ತನ್ನ ಅಳಿಸಿ, ಸೊನ್ನೆ ಹಾಕಿ."

"ಹಾಗೆಲ್ಲ ಆಗಲ್ಲ. ಒಮ್ಮೆ ಕೊಟ್ಟ ಅಂಕವನ್ನ ಇಲ್ಲಿನ ನಿವಾಸಿಗಳು ಬದಲಾಯಿಸೋ ಹಾಗಿಲ್ಲ. ನಿಮಗೆ ಸ್ವಾರ್ಥ ಇರುತ್ತೆ. ಹೊರಗಿನಿಂದ ಬಂದ ಜವಾಬ್ದಾರಿ ಇರೋರು ಯಾರಾದ್ರೂ, ನಾಲ್ಕು ಜನರ ಎದುರು, 'ಈ ಗಾಳೀಲಿ ನಾನು ಇಂಥ ಕೆಲಸ ಮಾಡಲ್ಲ' ಅಂದ್ರೆ ಆಗ ಯೋಜನೆ ನಿಲ್ಲುತ್ತೆ, ಸಾಲ ಮುಂದಿನ ಅಂಕ ಬಂದಿರೋ ಜೊಂಡಿನ ಕೊಳಕ್ಕೆ ಹೋಗುತ್ತೆ. ಇಷ್ಟು ತಂಡ ಬಂದು ಹೋಯ್ತು, ಒಬ್ಬರಾದ್ರೂ ಹಾಗಂದ್ರಾ?"

ಹೇಗಂದಾರು? ಅವರೆಲ್ಲರ ಮೂಗಿಗೂ ಮುಲಾಮು ಮೆತ್ತಿತ್ತು.

ಲೆನ್ಸಣ್ಣ ಮನೆಗೆ ಬಂದು, ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತುತ್ತಿದ್ದ ಹೆಂಡತಿಗೆ ಇದನ್ನೆಲ್ಲ ಒಪ್ಪಿಸಿದ. ಅವಳು ಕೇಳುತ್ತ ಕೇಳುತ್ತ ಸುತ್ತುವುದನ್ನು ನಿಲ್ಲಿಸಿದಳು. ಸುತ್ತಿಟ್ಟಿದ್ದ ಒಂದು ಬಾಣಲೆಯನ್ನು ಬಿಚ್ಚಿದಳು.

"ಭಾನುವಾರ ಮೇಡಂನ ಊಟಕ್ಕೆ ಕರೀರಿ" ಎಂದಳು.

ಭಾನುವಾರ ಭಾವನ ಲಾರಿ ಬಾಗಿಲಲ್ಲಿ ನಿಂತಿತ್ತು. ಮಂಚ ಆಗಲೇ ಅದರೊಳಗಿತ್ತು. ಭಾವ ಹೊಸ್ತಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದರು. "ಲಾರಿಯೋನು ಕಾಯ್ತಿದಾನೆ. ಊಟ ಗೀಟ ಅಂತ ಇದೇನು ಹೊಸದು?"

"ಒಂದು ಊಟ ಅಣ್ಣ. ಅಷ್ಟೊತ್ತು ಸುಮ್ನಿರು" ಎಂದಳು ತಂಗಿ.

ಮೇಡಂ ಬಂದರು. ನಿರ್ದೇಶಕರಾದ ಇಂಜಿನಿಯರ್ ಹೊಸ ಕಾರಿನಲ್ಲಿ ಬಂದರು. ಟೈಲರಮ್ಮನನ್ನೂ ಕರೆದಿದ್ದರು; ಕರೆಯದಿದ್ದರೂ ಬರುತ್ತಿದ್ದರು. ಅಡುಗೆಮನೆಯಲ್ಲೇ ಮೇಜು ಹಾಕಿತ್ತು. ಹೆಂಡತಿ ತನಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಅವತ್ತು ಒಲೆಗೆ ಹಾಕಿದ್ದಳು. ಬಿಸಿ ಅನ್ನದಿಂದ ಹಬೆ ಏಳುತ್ತಿತ್ತು. ಹುರಿದ ಬದನೆಕಾಯಿ ಎಣ್ಣೆಯಲ್ಲಿ ಮಿರುಗುತ್ತಿತ್ತು. ಮೇಡಂ ಕಣ್ಣರಳಿಸಿದರು.

"ಅಯ್ಯೋ, ಇಷ್ಟೆಲ್ಲ ಯಾಕೆ ಮಾಡೋಕೆ ಹೋದ್ರಿ? ಬೆಳಗಿಂದ ಏನೂ ತಿಂದಿಲ್ಲ ನಾನು."

"ತಿನ್ನಿ ಮೇಡಂ. ಹೊಟ್ಟೆ ತುಂಬಾ ತಿನ್ನಿ" ಎಂದು ಅವಳು ಬಡಿಸಿ, ಹೋಗಿ ಕಿಟಕಿಯ ಎರಡೂ ಬಾಗಿಲನ್ನು ಗೋಡೆಗೆ ತಾಗುವಂತೆ ತೆರೆದಳು. ಹೊರಗೆ ಮೋರಿ ಮಧ್ಯಾಹ್ನದ ಬಿಸಿಲಿಗೆ ಸಣ್ಣಗೆ ಗುಳ್ಳೆಯೇಳುತ್ತಿತ್ತು. ಭಾವ ಸದ್ದಿಲ್ಲದೆ ಹಜಾರಕ್ಕೆ ಸರಿದರು. ಇಂಜಿನಿಯರ್ ಉಸಿರು ಹಿಡಿದುಕೊಂಡರು, ಅಭ್ಯಾಸವಿದ್ದವರಂತೆ.

ಮೇಡಂ ತುತ್ತು ಕಲೆಸಿದರು. ಎತ್ತಿದರು. ಆಗ ಒಂದು ಸಣ್ಣ ಅಡ್ಡಿ ಎದುರಾಯಿತು. ಜಗತ್ತಿನ ಯಾವ ಬ್ಯಾಂಕಿನವರೂ ಮಾಸ್ಕಿನ ಮೂಲಕ ಊಟ ಮಾಡಲಾರರು. ಎಡಗೈಯಿಂದ ಒಂದು ಕಿವಿಯ ದಾರ ಬಿಡಿಸಿದರು. ಇನ್ನೊಂದು ಕಿವಿಯದೂ ಬಿಡಿಸಿದರು. ಮಾಸ್ಕು ಮಡಿಲಿಗೆ ಬಿತ್ತು.

ಲೆನ್ಸಣ್ಣ ಮೇಜಿನ ಈಚೆ ಕೂತು ಆ ಮುಖವನ್ನೇ ನೋಡಿದ. ಅಲ್ಲಿ ಯಂತ್ರದ ಸದ್ದಿರಲಿಲ್ಲ, ಬಿಸಿಲಿನ ಝಳವಿರಲಿಲ್ಲ, ಫೋಟೋ ತೆಗೆಯುವವರೂ ಇರಲಿಲ್ಲ. ಮೊದಲು ಮೂಗಿನ ಹೊಳ್ಳೆ ಅದುರಿತು. ಆಮೇಲೆ ಹುಬ್ಬು ಮೇಲೆ ಹೋಯಿತು, ಕೆಳಗೆ ಬರಲಿಲ್ಲ. ಕೆನ್ನೆ ಬಿಳಿಚಿತು. ಕಣ್ಣಲ್ಲಿ ನೀರು ತುಂಬಿತು. ತುತ್ತು ಹಿಡಿದ ಕೈ ತಟ್ಟೆಗೂ ಬಾಯಿಗೂ ನಡುವೆ ನಿಂತೇ ಇತ್ತು.

"ಮೇಡಂ, ನೆನಪಿದೆಯಲ್ಲ," ಎಂದು ಇಂಜಿನಿಯರ್ ಹಿಡಿದ ಉಸಿರಿನಲ್ಲೇ ಪಿಸುಗುಟ್ಟಿದರು, "ನಾಲ್ಕು ಜನ ಇದೀವಿ. ಹೊಸ ಕಾರಿನ ಕಂತು ಇನ್ನೂ... ದಯವಿಟ್ಟು ನುಂಗಿಬಿಡಿ."

"ಹಾಗೆ ಅವಸರ ಮಾಡಬೇಡ್ರೀ ಪಾಪ" ಎಂದು ಟೈಲರಮ್ಮ ಗದರಿದರು. "ಒಂಬತ್ತು ಅಂಕದ ಗಾಳಿ. ಆಸ್ವಾದಿಸ್ಲಿ ಬಿಡಿ."

ಮೇಡಂ ತುತ್ತನ್ನು ಬಾಯಿಯ ಹತ್ತಿರ ಇನ್ನೊಂದು ಬೆರಳಿನಷ್ಟು ತಂದರು. ಹೊರಗೆ ಒಂದು ದೊಡ್ಡ ಗುಳ್ಳೆ ಒಡೆಯಿತು.

"ಯಾಕೆ ಮೇಡಂ, ಅಡುಗೆ ಸರಿ ಆಗಿಲ್ವಾ?" ಹೆಂಡತಿ ಪಕ್ಕಕ್ಕೆ ಬಂದು, ಮಗುವಿಗೆ ಹೇಳುವಷ್ಟು ಮೆಲ್ಲಗೆ ಹೇಳಿದಳು. "ಒಂದೇ ತುತ್ತು. ನಾವು ದಿನಾ ಮೂರು ಹೊತ್ತು ಇಲ್ಲೇ ಕೂತು ತಿಂತೀವಲ್ಲ. ಒಂದೇ ಒಂದು. ತಗೊಳ್ಳಿ."

ಮೇಡಂ ತುತ್ತನ್ನು ತಟ್ಟೆಗೆ ಹಾಕಿ, ತಟ್ಟೆಯನ್ನು ಮೇಜಿನ ಆ ತುದಿಯವರೆಗೂ ತಳ್ಳಿ, ಕುರ್ಚಿ ಹಿಂದೆ ಬೀಳುವಂತೆ ಎದ್ದು ನಿಂತರು.

"ಇಲ್ಲ. ಈ ಗಾಳೀಲಿ ನಾನು ಊಟ ಮಾಡಲ್ಲ."